ಆಟಿಸಂ ಇರುವ ಮಗುವಿನ ಜೊತೆ ಬಾಡಿಗೆ ಫ್ಲ್ಯಾಟ್: ಹುಡುಕುವುದರಿಂದ ಖಾಲಿ ಮಾಡುವವರೆಗೆ

ಬಾಡಿಗೆ ಮನೆ ಹುಡುಕುವುದು ಯಾರಿಗೂ ಸುಲಭವಲ್ಲ. ಮನೆಯಲ್ಲಿ ಆಟಿಸಂ (ಮಾತು, ಜನರ ಜೊತೆ ಬೆರೆಯುವುದು, ಸದ್ದು-ಸ್ಪರ್ಶದ ಅನುಭವ ಬೇರೆ ಥರ ಇರುವ ಮಿದುಳಿನ ಬೆಳವಣಿಗೆಯ ಸ್ಥಿತಿ) ಇರುವ ಮಗುವಿದ್ದರೆ ಹುಡುಕುವ ರೀತಿಯೇ ಬದಲಾಗಬೇಕು. ನಾನೂ ಅಂಥ ಒಂದು ಮಗುವಿನ ತಾಯಿ. ನಾನು ನೋಡಿದ ಮಟ್ಟಿಗೆ, ನಮ್ಮಂಥ ಕುಟುಂಬಗಳು ಮನೆ ಬಿಡಬೇಕಾಗಿ ಬರುವುದು ಕೋಣೆ ಸಾಲದು ಅಂತ ಅಲ್ಲ. ಸದ್ದಿನ ಬಗ್ಗೆ ದೂರು ಬರುತ್ತದೆ, ಇಲ್ಲವೇ ಮಗು ಬಾಗಿಲು ತೆಗೆದು ಹೊರಗೆ ಹೋಗಿಬಿಡುತ್ತದೆ. ಹಾಗಾಗಿ ನಿಮ್ಮ ಸಮಯ, ದುಡ್ಡು, ಗಮನ ಎಲ್ಲವೂ ಮೊದಲು ಈ ಎರಡಕ್ಕೆ ಹೋಗಲಿ. ಬಾಲ್ಕನಿಯ ನೋಟ, ಅಡುಗೆಮನೆಯ ಕಪಾಟು ಆಮೇಲೆ.

ಮೊದಲ ಹೆಜ್ಜೆ: ಮನೆ ನೋಡುವ ಮುಂಚೆ ಮಗುವಿನ ದಿನ ಬರೆದಿಡಿ

ಒಂದು ವಾರ ಮಗುವಿನ ದಿನಚರಿಯನ್ನು ಸುಮ್ಮನೆ ಗಮನಿಸಿ ಬರೆಯಿರಿ. ಎಷ್ಟು ಹೊತ್ತಿಗೆ ಏಳುತ್ತದೆ? ಯಾವಾಗ ಕುಣಿಯುತ್ತದೆ, ಓಡುತ್ತದೆ, ಕೂಗುತ್ತದೆ? ರಾತ್ರಿ ಎಚ್ಚರವಾದರೆ ಏನು ಮಾಡುತ್ತದೆ? ಯಾವ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತದೆ? ಯಾವ ವಾಸನೆಗೆ ಓಡಿಹೋಗುತ್ತದೆ? ಬೀಗ, ಚಿಲಕ ತೆಗೆಯಲು ಬರುತ್ತದೆಯೇ? ಎತ್ತರಕ್ಕೆ ಹತ್ತುತ್ತದೆಯೇ? ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕುತ್ತದೆಯೇ?

ಆಟಿಸಂ ಇರುವ ಎರಡು ಮಕ್ಕಳು ಒಂದೇ ಥರ ಇರುವುದಿಲ್ಲ. ಶಬ್ದ, ಬೆಳಕು, ಸ್ಪರ್ಶ ಕೆಲವರಿಗೆ ವಿಪರೀತ ಅನಿಸುತ್ತವೆ. ಕೆಲವರಿಗೆ ಅವು ಸಾಲುವುದೇ ಇಲ್ಲ, ಅದಕ್ಕೇ ಗೋಡೆ ಬಡಿಯುತ್ತಾರೆ, ಜಿಗಿಯುತ್ತಾರೆ, ಗಿರಗಿರ ಸುತ್ತುತ್ತಾರೆ. ಒಂದೇ ಮಗುವಿನಲ್ಲಿ ಎರಡೂ ಇರಬಹುದು. 2013ರಲ್ಲಿ ಬಂದ ಡಿಎಸ್‌ಎಂ-5 ಎಂಬ ರೋಗನಿರ್ಣಯ ಕೈಪಿಡಿ ಈ ಸೆನ್ಸರಿ (ಇಂದ್ರಿಯಗಳ ಅನುಭವದ) ವ್ಯತ್ಯಾಸಗಳನ್ನು ಆಟಿಸಂನ ಲಕ್ಷಣಗಳ ಪಟ್ಟಿಗೇ ಸೇರಿಸಿತು. ಇನ್ನೊಬ್ಬರ ಮಗುವಿಗೆ ಹೊಂದಿದ ಮನೆ ನಿಮ್ಮ ಮಗುವಿಗೆ ಹೊಂದುತ್ತದೆ ಅಂತ ಹೇಳಲು ಬರುವುದಿಲ್ಲ. ನೀವು ಬರೆದ ಆ ಒಂದು ಹಾಳೆಯೇ ನಿಮ್ಮ ಅಳತೆಗೋಲು. ಬ್ರೋಕರ್ ಹತ್ತಿರ ಮಾತಾಡುವಾಗಲೂ ಅದು ಕೈಯಲ್ಲಿರಲಿ.

ಆ ಹಾಳೆಯಿಂದ ಎರಡು ಪಟ್ಟಿ ಮಾಡಿ. ಇಲ್ಲದಿದ್ದರೆ ಆಗುವುದೇ ಇಲ್ಲ ಅನ್ನುವವು ಒಂದು ಕಡೆ, ಇದ್ದರೆ ಒಳ್ಳೆಯದು ಅನ್ನುವವು ಇನ್ನೊಂದು ಕಡೆ. ಮೊದಲ ಪಟ್ಟಿ ಚಿಕ್ಕದಿರಲಿ. ಅದು ಉದ್ದವಾದರೆ ಯಾವ ಮನೆಯೂ ಸಿಗುವುದಿಲ್ಲ.

ಎರಡನೇ ಹೆಜ್ಜೆ: ಯಾವ ಮಹಡಿ?

ಇದಕ್ಕೆ ಎಲ್ಲರಿಗೂ ಒಪ್ಪುವ ಉತ್ತರವಿಲ್ಲ. ನಿಮ್ಮ ಹಾಳೆ ನೋಡಿ ನಿರ್ಧರಿಸಿ.

ಮಗು ಜಾಸ್ತಿ ಜಿಗಿಯುತ್ತದೆ, ಓಡುತ್ತದೆ ಅಂದರೆ ನೆಲಮಹಡಿ ಒಳ್ಳೆಯದು. ಕೆಳಗೆ ಯಾರೂ ಇರುವುದಿಲ್ಲ, ಅರ್ಧ ಜಗಳ ಅಲ್ಲಿಗೇ ಮುಗಿಯಿತು. ಆದರೆ ನೆಲಮಹಡಿಯಿಂದ ರಸ್ತೆ ಹತ್ತಿರ. ಹೇಳದೆ ಹೊರಟುಹೋಗುವ ಮಗುವಾದರೆ ಬಾಗಿಲ ಮೇಲೆ ಎರಡು ಪಟ್ಟು ಗಮನ ಬೇಕು. ಕೊನೆಯ ಮಹಡಿಯಲ್ಲಿ ತಲೆಯ ಮೇಲೆ ಕುರ್ಚಿ ಎಳೆಯುವ ಸದ್ದು ಇರುವುದಿಲ್ಲ, ಸದ್ದಿಗೆ ಬೆಚ್ಚುವ ಮಗುವಿಗೆ ಅದು ದೊಡ್ಡ ಸಮಾಧಾನ. ಆದರೆ ಕಿಟಕಿ, ಬಾಲ್ಕನಿಯ ಅಪಾಯ ಅಲ್ಲಿ ಹೆಚ್ಚು. ಹತ್ತುವ ಅಭ್ಯಾಸವಿರುವ ಮಗುವಾದರೆ ನಾನಂತೂ ಮೇಲಿನ ಮಹಡಿ ಬೇಡ ಅನ್ನುತ್ತೇನೆ.

ಮೂಲೆಯ ಫ್ಲ್ಯಾಟ್ ಸಿಕ್ಕರೆ ಪಕ್ಕದ ಗೋಡೆ ಹಂಚಿಕೊಳ್ಳುವ ಮನೆ ಒಂದು ಕಡಿಮೆಯಾಗುತ್ತದೆ. ಲಿಫ್ಟ್, ನೀರಿನ ಪಂಪು, ಜನರೇಟರ್, ಕಸ ಹಾಕುವ ಜಾಗ, ಇವುಗಳ ಪಕ್ಕದ ಫ್ಲ್ಯಾಟ್ ಬಿಟ್ಟುಬಿಡಿ.

ಮೂರನೇ ಹೆಜ್ಜೆ: ಮನೆ ನೋಡುವುದು

ಮೊದಲ ಸಲ ಮಗುವನ್ನು ಕರೆದುಕೊಂಡು ಹೋಗಬೇಡಿ. ನೀವು ಮನೆ ನೋಡಬೇಕು, ಮಗುವನ್ನು ಸಂಭಾಳಿಸುತ್ತ ಕೂತರೆ ಎರಡೂ ಆಗುವುದಿಲ್ಲ. ಇಷ್ಟವಾದ ಮನೆಯನ್ನು ಬೇರೆ ಹೊತ್ತಿನಲ್ಲಿ ಇನ್ನೊಮ್ಮೆ ನೋಡಿ. ಮಧ್ಯಾಹ್ನ ನಿಶ್ಶಬ್ದವಾಗಿದ್ದ ಕಟ್ಟಡ ಸಂಜೆ ಬೇರೆಯದೇ ಆಗಿರುತ್ತದೆ.

ಒಳಗೆ ಹೋದ ಕೂಡಲೇ ಮಾತು ನಿಲ್ಲಿಸಿ ಐದು ನಿಮಿಷ ಸುಮ್ಮನೆ ನಿಂತು ಕೇಳಿ. ಫ್ರಿಜ್ಜಿನ ಗುಂಯ್ ಸದ್ದು, ಪೈಪಿನಲ್ಲಿ ನೀರು ಹರಿಯುವ ಸದ್ದು, ಪಕ್ಕದ ಮನೆಯ ಟಿವಿ. ನಮಗೆ ಕೇಳಿಸಿದರೂ ಕೇಳಿಸದಂತಿರುವ ಸದ್ದುಗಳೇ ಕೆಲವು ಮಕ್ಕಳ ನಿದ್ದೆ ಕೆಡಿಸುತ್ತವೆ. ಟಾಯ್ಲೆಟ್ ಫ್ಲಶ್ ಮಾಡಿ ನೋಡಿ. ಎಕ್ಸಾಸ್ಟ್ ಫ್ಯಾನ್ ಹಾಕಿ. ಕರೆಗಂಟೆ ಒತ್ತಿ. ಫ್ಲಶ್‌ನ ಸದ್ದಿಗೆ ಹೆದರಿ ಬಾತ್‌ರೂಮಿಗೇ ಹೋಗಲೊಲ್ಲದ ಮಕ್ಕಳಿದ್ದಾರೆ. ಕರೆಗಂಟೆಯನ್ನಾದರೆ ಬದಲಿಸಬಹುದು, ಫ್ಲಶ್ ಬದಲಿಸುವುದು ಕಷ್ಟ.

ಎಲ್ಲ ದೀಪ ಹಾಕಿಸಿ. ಹಳೆಯ ಚೋಕ್ ಇರುವ ಟ್ಯೂಬ್‌ಲೈಟ್, 50 ಹರ್ಟ್ಸ್ ಕರೆಂಟಿನಲ್ಲಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಹೆಚ್ಚಿನವರಿಗೆ ಅದು ಗೊತ್ತೇ ಆಗುವುದಿಲ್ಲ, ಕೆಲವರಿಗೆ ತಲೆನೋವು, ಕಿರಿಕಿರಿ. ಮೊಬೈಲ್ ಕ್ಯಾಮೆರಾವನ್ನು ಸ್ಲೋ ಮೋಷನ್‌ಗೆ ಇಟ್ಟು ದೀಪದ ಕಡೆ ಹಿಡಿಯಿರಿ, ಮಿನುಗು ಕಾಣುತ್ತದೆ. ದೀಪ ಬದಲಿಸುವುದು ಸಣ್ಣ ಕೆಲಸ. ಅದೊಂದಕ್ಕೇ ಮನೆ ಬೇಡ ಅನ್ನಬೇಡಿ.

ಕಟ್ಟಡ ಹಳೆಯದಾಗಿದ್ದು ಬಣ್ಣ ಚಕ್ಕೆ ಚಕ್ಕೆಯಾಗಿ ಏಳುತ್ತಿದ್ದರೆ ಎಚ್ಚರ. ಹಳೆಯ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ತಿನ್ನುವ ವಸ್ತುವಲ್ಲದ್ದನ್ನು ತಿನ್ನುವ ಅಭ್ಯಾಸ, ಪೈಕಾ ಅನ್ನುತ್ತಾರಲ್ಲ, ಅದು ಆಟಿಸಂ ಇರುವ ಮಕ್ಕಳಲ್ಲಿ ಬೇರೆ ಮಕ್ಕಳಿಗಿಂತ ಜಾಸ್ತಿ. ಸೀಸ ಹೊಟ್ಟೆಗೆ ಹೋದರೆ ಮಿದುಳಿಗೇ ಪೆಟ್ಟು. ಅಂಥ ಮಗುವಿದ್ದರೆ ಆ ಮನೆ ಎಷ್ಟೇ ಅಗ್ಗವಾದರೂ ಬೇಡ.

ಆಮೇಲೆ ನೀರು. ಕಟ್ಟಡದ ಆವರಣದಲ್ಲಿ ಈಜುಕೊಳ, ತೆರೆದ ತೊಟ್ಟಿ, ಸಂಪು ಇದೆಯೇ? ಸುತ್ತಮುತ್ತ ಕೆರೆ, ಕಾಲುವೆ, ಬಾವಿ? ನಡೆದುಕೊಂಡು ಹೋಗಿ ನೋಡಿ ಬನ್ನಿ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ನೀರೆಂದರೆ ವಿಪರೀತ ಸೆಳೆತ. ಮನೆಯಿಂದ ಹೊರಟುಹೋದ ಇಂಥ ಮಕ್ಕಳ ಸಾವಿಗೆ ಮುಖ್ಯ ಕಾರಣ ಮುಳುಗುವುದೇ.

ಎರಡನೇ ಭೇಟಿಗೆ ಮಗುವನ್ನು ಕರೆದುಕೊಂಡು ಹೋಗಬಹುದು. ಮಗು ಅಲ್ಲಿ ಅತ್ತರೆ ಮನೆ ಹಿಡಿಸಲಿಲ್ಲ ಅಂತ ತೀರ್ಮಾನಿಸಬೇಡಿ. ಹೊಸ ಜಾಗ ಅಂದರೆ ಅಳುವುದು ಸಹಜ. ಅದು ಎಲ್ಲಿ ನಿಲ್ಲುತ್ತದೆ, ಯಾವ ಕಿಟಕಿಯ ಕಡೆ ಓಡುತ್ತದೆ, ಯಾವ ಚಿಲಕಕ್ಕೆ ಕೈ ಹಾಕುತ್ತದೆ, ಅದನ್ನು ನೋಡಿ.

ನಾಲ್ಕನೇ ಹೆಜ್ಜೆ: ಓನರ್‌ಗೆ ಹೇಳಬೇಕೇ?

ಎಲ್ಲ ತಂದೆತಾಯಿಯರೂ ಕೇಳುವ ಪ್ರಶ್ನೆ ಇದು. ಹೇಳಿದರೆ ಮನೆ ಕೊಡುವುದಿಲ್ಲ ಎಂಬ ಭಯ. ಹೇಳದಿದ್ದರೆ ಆಮೇಲೆ ಮುಚ್ಚಿಟ್ಟಿರಿ ಎಂಬ ಮಾತು.

ಮೊದಲು ಕಾನೂನಿನ ವಿಷಯ. 2006ರಲ್ಲಿ ವಿಶ್ವಸಂಸ್ಥೆ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. ಅಗತ್ಯವಾದ, ಆದರೆ ಎದುರಿನವರಿಗೆ ಅತಿ ಹೊರೆಯಾಗದ ಹೊಂದಾಣಿಕೆಯನ್ನು ನಿರಾಕರಿಸುವುದೂ ತಾರತಮ್ಯವೇ ಎಂದು ಅದು ಹೇಳುತ್ತದೆ. ಅದನ್ನು ಒಪ್ಪಿದ ದೇಶಗಳು ತಮ್ಮ ತಮ್ಮ ಕಾನೂನು ಮಾಡಿಕೊಂಡಿವೆ. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಆಟಿಸಂ ಇದೆ. ಬ್ರಿಟನ್ನಿನಲ್ಲಿ 2010ರ ಸಮಾನತೆ ಕಾಯ್ದೆ ಬಾಡಿಗೆದಾರರಿಗೂ ಅನ್ವಯಿಸುತ್ತದೆ. ಅಮೆರಿಕ ಒಡಂಬಡಿಕೆಯನ್ನು ಅಂತಿಮವಾಗಿ ಒಪ್ಪಿಲ್ಲ. ಆದರೂ ಅಲ್ಲಿ 1988ರಿಂದಲೇ ವಸತಿ ಕಾನೂನು ಮಕ್ಕಳಿರುವ ಕುಟುಂಬಗಳನ್ನೂ ಅಂಗವಿಕಲರನ್ನೂ ರಕ್ಷಿಸುತ್ತದೆ. ಬಾಡಿಗೆದಾರರು ತಮ್ಮ ಖರ್ಚಿನಲ್ಲಿ ಅಗತ್ಯ ಬದಲಾವಣೆ ಮಾಡಿಕೊಳ್ಳಲು ಓನರ್ ಬಿಡಬೇಕು ಅನ್ನುತ್ತದೆ. ನೀವಿರುವ ಊರಿನ ಕಾನೂನು ಏನು ಹೇಳುತ್ತದೆ ಎಂಬುದನ್ನು ಮನೆ ನೋಡಲು ಹೊರಡುವ ಮುಂಚೆಯೇ ತಿಳಿದುಕೊಳ್ಳಿ. ಜಗಳಕ್ಕಲ್ಲ, ನಿಮ್ಮ ಧ್ವನಿ ಗಟ್ಟಿಯಾಗಿರಲಿ ಅಂತ.

ನನ್ನ ಅಭಿಪ್ರಾಯ ಇಷ್ಟು. ಫೋನಿನ ಮೊದಲ ಮಾತಿನಲ್ಲೇ ಹೇಳುವ ಅಗತ್ಯವಿಲ್ಲ. ಓನರ್ ನಿಮ್ಮನ್ನು ನೋಡಿ, ಮಾತಾಡಿ, ಕೊಡಬಹುದು ಅಂದುಕೊಂಡ ಮೇಲೆ, ಸಹಿ ಹಾಕುವ ಮೊದಲು ಹೇಳಿ. ಬಾಗಿಲಿಗೆ ಚಿಲಕ, ಕಿಟಕಿಗೆ ಗ್ರಿಲ್ ಬೇಕಾದಾಗ ಹೇಗೂ ಹೇಳಲೇಬೇಕು, ಅಲ್ವಾ? ರೋಗದ ಚರಿತ್ರೆ ಬೇಡ. ಏನು ಬೇಕು, ಯಾರು ಖರ್ಚು ಮಾಡುತ್ತಾರೆ, ಅಷ್ಟೇ ಹೇಳಿ. ಹೀಗೆ:

"ಸರ್, ನಮ್ಮ ಮಗಳಿಗೆ ಆಟಿಸಂ ಇದೆ. ಕೆಲವೊಮ್ಮೆ ಜೋರಾಗಿ ಅಳುತ್ತಾಳೆ, ಕುಣಿಯುತ್ತಾಳೆ. ಕೆಳಗಿನವರಿಗೆ ತೊಂದರೆಯಾಗದ ಹಾಗೆ ನೆಲಕ್ಕೆ ದಪ್ಪ ಮ್ಯಾಟ್ ಹಾಕುತ್ತೇವೆ. ಮುಂಬಾಗಿಲಿಗೆ ಮೇಲೊಂದು ಚಿಲಕ, ಎರಡು ಕಿಟಕಿಗೆ ಗ್ರಿಲ್ ಬೇಕು. ಖರ್ಚು ನಮ್ಮದು. ಮನೆ ಬಿಡುವಾಗ ತೂತು ಮುಚ್ಚಿಸಿ ಬಣ್ಣ ಹೊಡೆಸಿ ಕೊಡುತ್ತೇವೆ."

ತಪ್ಪು ಮಾಡಿದವರ ಹಾಗೆ ಕುಗ್ಗಿ ಹೇಳಬೇಡಿ. ಹಳೆಯ ಓನರ್ ಕೊಟ್ಟ ಪತ್ರ, ಬಾಡಿಗೆ ಸರಿಯಾಗಿ ಕಟ್ಟಿದ ದಾಖಲೆ ಜೊತೆಯಲ್ಲಿದ್ದರೆ ಮಾತಿಗೆ ತೂಕ ಬರುತ್ತದೆ. ಇಷ್ಟಾದರೂ ಮುಖ ಗಂಟಿಕ್ಕಿದರೆ ಆ ಮನೆಯಲ್ಲಿ ನಿಮಗೆ ನೆಮ್ಮದಿ ಇರುತ್ತಿರಲಿಲ್ಲ. ಕಾನೂನಿನ ದಾರಿ ಬೇಕೆನಿಸಿದರೆ, ಯಾವ ದಿನ ಏನು ಹೇಳಿದರು ಎಂದು ಅವತ್ತೇ ಬರೆದಿಡಿ.

ಐದನೇ ಹೆಜ್ಜೆ: ಅಗ್ರಿಮೆಂಟ್

ಬಾಯಿಮಾತಿಗೆ ಬೆಲೆ ಇರುವುದು ಸಂಬಂಧ ಚೆನ್ನಾಗಿರುವ ತನಕ ಮಾತ್ರ. ಒಪ್ಪಿದ್ದೆಲ್ಲ ಕಾಗದದ ಮೇಲೆ ಬರಲಿ. ಯಾವ ಚಿಲಕ, ಯಾವ ಗ್ರಿಲ್, ಗೋಡೆಗೆ ಡ್ರಿಲ್ ಮಾಡಿ ಕಪಾಟು ಬಿಗಿಯಲು ಅನುಮತಿ, ಬಿಡುವಾಗ ಏನು ತೆಗೆಯಬೇಕು, ಏನು ಬಿಡಬಹುದು. "ಅಕ್ಕಪಕ್ಕದವರಿಗೆ ತೊಂದರೆಯಾದರೆ ತಕ್ಷಣ ಖಾಲಿ ಮಾಡಿಸಬಹುದು" ಎಂಬಂಥ ಸಾಲು ಇದ್ದರೆ ಹಾಗೇ ಸಹಿ ಹಾಕಬೇಡಿ. ಮೊದಲು ಬರಹದಲ್ಲಿ ನೋಟಿಸ್ ಕೊಡಬೇಕು, ಸರಿಪಡಿಸಲು ಸಮಯ ಕೊಡಬೇಕು ಎಂದು ಸೇರಿಸಲು ಕೇಳಿ. ಈ ಒಂದು ಸಾಲಿನ ಮೇಲೆ ಎಷ್ಟು ಚೌಕಾಸಿ ಮಾಡಿದರೂ ಕಡಿಮೆಯೇ.

ಸಾಧ್ಯವಾದಷ್ಟು ದೀರ್ಘ ಅವಧಿಗೆ ಮಾಡಿಸಿ. ಪದೇ ಪದೇ ಮನೆ ಬದಲಿಸುವುದು ನಮ್ಮ ಮಕ್ಕಳಿಗೆ ತುಂಬಾ ಕಷ್ಟ.

ಕೀಲಿ ಕೈಗೆ ಬಂದ ದಿನವೇ ಪ್ರತಿ ಗೋಡೆ, ಬಾಗಿಲು, ನೆಲದ ಫೋಟೋ ತೆಗೆದು ಓನರ್‌ಗೆ ಕಳಿಸಿಬಿಡಿ. ಗೋಡೆ ಗೀಚುವ, ಬಡಿಯುವ ಮಗುವಿದ್ದಾಗ ಮೊದಲೇ ಇದ್ದ ಬಿರುಕೂ ನಿಮ್ಮ ಲೆಕ್ಕಕ್ಕೆ ಬರಬಹುದು.

ಆರನೇ ಹೆಜ್ಜೆ: ಸಾಮಾನು ಬರುವ ಮುಂಚೆ ಮನೆ ಸಿದ್ಧ ಮಾಡುವುದು

ಬಾಗಿಲಿನಿಂದ ಶುರು ಮಾಡಿ. 2012ರಲ್ಲಿ ಪೀಡಿಯಾಟ್ರಿಕ್ಸ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅಮೆರಿಕದ ಒಂದು ಅಧ್ಯಯನ ಬಂತು. ಆಟಿಸಂ ಇರುವ ಮಕ್ಕಳಲ್ಲಿ ಶೇಕಡಾ 49ರಷ್ಟು, ಅಂದರೆ ಹತ್ತಿರ ಹತ್ತಿರ ಅರ್ಧದಷ್ಟು ಮಕ್ಕಳು, 4 ವರ್ಷ ತುಂಬಿದ ಮೇಲೆ ಒಮ್ಮೆಯಾದರೂ ಹೇಳದೆ ಹೊರಟುಹೋಗಲು ನೋಡಿದ್ದರು. ಇದು ಪಾಲಕರ ಅಜಾಗರೂಕತೆ ಅಲ್ಲ. ಯಾರಾದರೂ ಹಾಗೆ ಅಂದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಚಿಲಕ ಬಾಗಿಲಿನ ತುದಿಯಲ್ಲಿ, ಮಗುವಿನ ಕೈಗೆ ಎಟುಕದಷ್ಟು ಎತ್ತರದಲ್ಲಿರಲಿ. ಆದರೆ ಬೆಂಕಿ ಬಿದ್ದರೆ ದೊಡ್ಡವರು ಕತ್ತಲಲ್ಲೂ ಒಂದೇ ಕೈಯಲ್ಲಿ ತೆಗೆಯುವಂತಿರಬೇಕು. ಒಳಗಿನಿಂದಲೂ ಕೀಲಿ ಬೇಕಾಗುವ ಬೀಗ ಅಪಾಯ, ಗಾಬರಿಯಲ್ಲಿ ಕೀಲಿ ಕೈಗೆ ಸಿಗುವುದಿಲ್ಲ. ಬಾಗಿಲು ತೆರೆದರೆ ಸದ್ದು ಮಾಡುವ ಬ್ಯಾಟರಿ ಅಲಾರಂ ಒಂದು ಅಂಟಿಸಿ. ಅದಕ್ಕೆ ಡ್ರಿಲ್ ಬೇಕಿಲ್ಲ, ಓನರ್ ಅನುಮತಿಯೂ ಬೇಕಾಗುವುದಿಲ್ಲ. ಮಗುವಿನ ಕೈಪಟ್ಟಿಯಲ್ಲೋ ಬಟ್ಟೆಯ ಒಳಗೋ ನಿಮ್ಮ ಫೋನ್ ನಂಬರ್, ವಿಳಾಸ ಇರಲಿ. ಹೊಸ ಮನೆಗೆ ಬಂದ ಮೇಲೆ ವಿಳಾಸ ಬದಲಿಸಲು ಮರೆಯಬೇಡಿ.

ಮಗು ಕಾಣದಿದ್ದರೆ ಯಾರು ಎಲ್ಲಿ ಹುಡುಕಬೇಕು ಎಂದು ಮೊದಲೇ ಮಾತಾಡಿಕೊಳ್ಳಿ. ಮೊದಲು ನೀರಿರುವ ಜಾಗ. ಆಮೇಲೆ ರಸ್ತೆ, ಲಿಫ್ಟ್, ಟೆರೇಸ್. ತಡಮಾಡದೆ ಪೊಲೀಸರಿಗೆ ಫೋನ್. ಹೆಸರು ಕರೆದರೆ ಮಗು ಓಗೊಡದೆ ಇರಬಹುದು ಎಂದು ಹುಡುಕುವವರಿಗೆಲ್ಲ ತಿಳಿಸಿ.

ಕಿಟಕಿಯ ಸೊಳ್ಳೆ ಜಾಲರಿಯನ್ನು ನಂಬಬೇಡಿ. ಅದು ಸೊಳ್ಳೆ ತಡೆಯುತ್ತದೆ, ಮಗುವಿನ ಭಾರ ತಡೆಯುವುದಿಲ್ಲ. ಗ್ರಿಲ್ ಇಲ್ಲದಿದ್ದರೆ ಕಿಟಕಿ 10 ಸೆಂಟಿಮೀಟರ್‌ಗಿಂತ ಜಾಸ್ತಿ ತೆರೆಯದಂತೆ ತಡೆ ಹಾಕಿಸಿ. ಗ್ರಿಲ್ ಹಾಕಿಸುವುದಾದರೆ, ಬೆಂಕಿ ಬಿದ್ದಾಗ ಹೊರಬರಲು, ಒಂದು ಕಿಟಕಿಯದ್ದಾದರೂ ದೊಡ್ಡವರಿಗೆ ಒಳಗಿನಿಂದ ತೆಗೆಯಲು ಬರಲಿ. ಕಿಟಕಿ, ಬಾಲ್ಕನಿಯ ಹತ್ತಿರ ಮಂಚ, ಕುರ್ಚಿ, ಕುಂಡ ಯಾವುದೂ ಬೇಡ. ಎತ್ತರದ ಕಪಾಟು, ಟಿವಿಯನ್ನು ಗೋಡೆಗೆ ಬಿಗಿಯಿರಿ. ಗೀಸರ್‌ನ ಉಷ್ಣಾಂಶ 49 ಡಿಗ್ರಿ ಸೆಲ್ಸಿಯಸ್ ದಾಟದಿರಲಿ. 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮ ಸುಡುತ್ತದೆ, ಮತ್ತು ನೋವು ತಡವಾಗಿ ಗೊತ್ತಾಗುವ ಮಕ್ಕಳು ನಮ್ಮಲ್ಲಿದ್ದಾರೆ.

ಇನ್ನು ಸದ್ದು. ಇಲ್ಲಿ ಬಹಳ ಜನ ದುಡ್ಡು ಕಳೆದುಕೊಳ್ಳುತ್ತಾರೆ. ಗೋಡೆಗೆ ಅಂಟಿಸುವ ಫೋಮ್ ಹಾಳೆಗಳು ಕೋಣೆಯೊಳಗಿನ ಪ್ರತಿಧ್ವನಿ ಕಡಿಮೆ ಮಾಡುತ್ತವೆ, ಅಷ್ಟೇ. ಪಕ್ಕದ ಮನೆಗೆ ಹೋಗುವ ಸದ್ದನ್ನು ತಡೆಯುವುದಿಲ್ಲ. ಸದ್ದನ್ನು ತಡೆಯುವುದು ಭಾರ. ಪುಸ್ತಕ ತುಂಬಿದ ಕಪಾಟನ್ನು ಪಕ್ಕದ ಮನೆಯ ಗೋಡೆಗೆ ಆನಿಸಿಟ್ಟರೆ ಫೋಮ್‌ಗಿಂತ ವಾಸಿ. ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹಾಕಿ. ಕೂಗಿನ ಸದ್ದು ಹೆಚ್ಚಾಗಿ ಸೋರುವುದು ಸಂದಿಗಳಿಂದಲೇ.

ಜಿಗಿಯುವ ಸದ್ದಿನದು ಬೇರೆ ಕಥೆ. ಅದು ಗಾಳಿಯಲ್ಲಲ್ಲ, ಕಾಂಕ್ರೀಟಿನ ಒಳಗೇ ಸಾಗುತ್ತದೆ. ಕೆಳಗಿನ ಮನೆಯವರು ಎಷ್ಟೇ ಕಿಟಕಿ ಮುಚ್ಚಿದರೂ ಧಡ್ ಧಡ್ ಕೇಳುತ್ತದೆ. ಅದನ್ನು ಹುಟ್ಟುವ ಜಾಗದಲ್ಲೇ ತಡೆಯಬೇಕು. ನೆಲಕ್ಕೆ ದಪ್ಪ ರಬ್ಬರ್ ಅಥವಾ ಫೋಮ್ ಮ್ಯಾಟ್, ಅದರ ಮೇಲೆ ಕಾರ್ಪೆಟ್. ಇಡೀ ಮನೆಗೆ ಬೇಕಿಲ್ಲ. ಮಗು ಜಿಗಿಯಲೆಂದೇ ಒಂದು ಜಾಗ ಮಾಡಿ, ಅಲ್ಲಿ ಎರಡು ಪದರ ಹಾಕಿ. ಆ ಜಾಗವನ್ನು ಆರಿಸುವಾಗ ಒಂದು ವಿಷಯ ನೆನಪಿರಲಿ. ಫ್ಲ್ಯಾಟುಗಳಲ್ಲಿ ಸಾಮಾನ್ಯವಾಗಿ ಒಂದರ ಕೆಳಗೊಂದು ಒಂದೇ ನಕ್ಷೆ. ನಿಮ್ಮ ಮಲಗುವ ಕೋಣೆಯ ಕೆಳಗೆ ಅವರ ಮಲಗುವ ಕೋಣೆ. ಹಾಗಾಗಿ ಬೆಳಗಿನ ಜಾವ ಎದ್ದು ಕುಣಿಯುವ ಮಗುವಿನ ಜಾಗ ಹಾಲ್‌ನಲ್ಲಿರಲಿ.

ಬಣ್ಣ ಹೊಡೆಸಿದ್ದರೆ ಕಿಟಕಿ ತೆರೆದಿಟ್ಟು ವಾಸನೆ ಪೂರ್ತಿ ಹೋದ ಮೇಲೆ ಮಗುವನ್ನು ಕರೆತನ್ನಿ.

ಏಳನೇ ಹೆಜ್ಜೆ: ಮಗುವನ್ನು ಒಪ್ಪಿಸುವುದು, ಸ್ಥಳ ಬದಲಿಸುವುದು

ಹೊಸ ಮನೆಯ ಫೋಟೋಗಳನ್ನು ಸಾಲಾಗಿ ಅಂಟಿಸಿ ಒಂದು ಚಿಕ್ಕ ಪುಸ್ತಕ ಮಾಡಿ. "ಇದು ನಮ್ಮ ಹೊಸ ಮನೆ. ಇಲ್ಲಿ ನನ್ನ ಹಾಸಿಗೆ ಇರುತ್ತದೆ. ಅಮ್ಮ ಅಪ್ಪ ನನ್ನ ಜೊತೆ ಇರುತ್ತಾರೆ." ಇಂಥ ಸೋಷಿಯಲ್ ಸ್ಟೋರಿಗಳ ವಿಧಾನವನ್ನು 1990ರ ದಶಕದ ಆರಂಭದಲ್ಲಿ ರೂಪಿಸಿದವರು ಕ್ಯಾರಲ್ ಗ್ರೇ ಎಂಬ ಶಿಕ್ಷಕಿ. ಮಾತು ಬಾರದ ಮಗುವಿಗೂ ಚಿತ್ರ ಅರ್ಥವಾಗುತ್ತದೆ. ದಿನಾ ಒಂದು ಸಲ ಓದಿ. ಕ್ಯಾಲೆಂಡರ್‌ನಲ್ಲಿ ಹೋಗುವ ದಿನಕ್ಕೆ ಗುರುತು ಹಾಕಿ, ದಿನಕ್ಕೊಂದು ಚೌಕವನ್ನು ಮಗುವೇ ಹೊಡೆದುಹಾಕಲು ಬಿಡಿ.

ಸಾಮಾನು ಸಾಗಿಸುವ ದಿನ ಮಗು ಅಲ್ಲಿರುವುದು ಬೇಡ. ತನ್ನ ವಸ್ತುಗಳನ್ನು ಅಪರಿಚಿತರು ಹೊತ್ತೊಯ್ಯುವುದನ್ನು ನೋಡುವುದು ಅದಕ್ಕೆ ನರಕ. ಮಗುವಿನ ಕೋಣೆಯನ್ನು ಕೊನೆಗೆ ಬಿಚ್ಚಿ, ಹೊಸ ಮನೆಯಲ್ಲಿ ಮೊದಲು ಜೋಡಿಸಿ. ಹಾಸಿಗೆ ಅದೇ ದಿಕ್ಕಿಗೆ, ಆಟಿಕೆ ಅದೇ ಕ್ರಮದಲ್ಲಿ. ಹೊದಿಕೆ ಒಗೆಯಬೇಡಿ, ಹಳೆಯ ವಾಸನೆ ಇರಲಿ. ಇದೇ ಹೊತ್ತಿಗೆ ಹೊಸ ಥೆರಪಿ, ಹೊಸ ಶಾಲೆ ಅಂತ ಶುರು ಮಾಡಬೇಡಿ.

ಮೊದಲ ಕೆಲವು ವಾರ ನಿದ್ದೆ ಕೆಡಬಹುದು, ಬಿಟ್ಟುಹೋಗಿದ್ದ ಅಭ್ಯಾಸ ಮರಳಬಹುದು. ಗಾಬರಿಯಾಗಬೇಡಿ. ದಿನಚರಿ ಮಾತ್ರ ಬದಲಾಗದಿರಲಿ. ಎಲ್ಲ ಒಂದು ಹದಕ್ಕೆ ಬಂದ ಮೇಲೆ ಫೈರ್ ಅಲಾರಂ ಅಭ್ಯಾಸ ಮಾಡಿಸಿ. ಕಿವಿ ಮುಚ್ಚುವ ಹೆಡ್‌ಫೋನ್ ಒಂದು ಬಾಗಿಲ ಪಕ್ಕದಲ್ಲೇ ತೂಗುಹಾಕಿ. ಅಲಾರಂ ಸದ್ದಿಗೆ ಮಂಚದ ಕೆಳಗೆ ಅಡಗುವ ಮಗುವನ್ನು ಹೊರಗೆ ತರಲು ಮೊದಲೇ ಅಭ್ಯಾಸ ಬೇಕು.

ಎಂಟನೇ ಹೆಜ್ಜೆ: ನೆರೆಯವರು

ನಿಮ್ಮ ಮಗುವಿನ ಸದ್ದು ಅವರಿಗೆ ಕೇಳುವ ಮುಂಚೆ ನಿಮ್ಮ ಮಾತು ಕೇಳಲಿ. ಬಂದ ವಾರದೊಳಗೆ ಮೇಲೆ, ಕೆಳಗೆ, ಅಕ್ಕಪಕ್ಕದ ಮನೆಗಳಿಗೆ ಹೋಗಿ ಪರಿಚಯ ಮಾಡಿಕೊಳ್ಳಿ. ಕಟ್ಟಡದ ವಾಟ್ಸಾಪ್ ಗುಂಪಿನಲ್ಲಿ ಮಗುವಿನ ಫೋಟೋ, ಕಾಯಿಲೆಯ ಹೆಸರು ಹಾಕಬೇಡಿ. ಅದು ಮಗುವಿನ ಖಾಸಗಿ ವಿಷಯ, ನಾಳೆ ಮಗು ದೊಡ್ಡದಾಗಿ ಅದೇ ಕಟ್ಟಡದಲ್ಲಿ ಓಡಾಡಬೇಕು. ಎದುರೆದುರು ನಿಂತು ಹೇಳಿ: "ನಮ್ಮ ಮಗನಿಗೆ ಆಟಿಸಂ ಇದೆ. ಕೆಲವೊಮ್ಮೆ ಜೋರಾಗಿ ಕೂಗುತ್ತಾನೆ. ಅವನಿಗೆ ಯಾರೂ ಹೊಡೆಯುತ್ತಿಲ್ಲ, ತಡೆದುಕೊಳ್ಳಲಾಗದಷ್ಟು ಆದಾಗ ಹಾಗೆ ಆಗುತ್ತದೆ. ತುಂಬಾ ತೊಂದರೆಯಾದರೆ ನನಗೇ ಫೋನ್ ಮಾಡಿ. ಅವನು ಒಬ್ಬನೇ ಹೊರಗೆ ಕಂಡರೆ ದಯವಿಟ್ಟು ನಿಲ್ಲಿಸಿ, ತಕ್ಷಣ ಹೇಳಿ." ಕೊನೆಯ ಆ ಮಾತು ಬಹಳ ಮುಖ್ಯ. ಸಹಾಯ ಕೇಳಿದವರ ಬಗ್ಗೆ ಜನರಿಗೆ ಒಂದು ಹೊಣೆ ಹುಟ್ಟುತ್ತದೆ. ಸೆಕ್ಯೂರಿಟಿಯವರಿಗೂ ಮಗುವನ್ನು ಪರಿಚಯಿಸಿ. ಪಾಳಿ ಬದಲಾಗುತ್ತದೆ, ಎಲ್ಲರಿಗೂ ಹೇಳಿ.

ಆದರೂ ದೂರು ಬರಬಹುದು. ಬಂದಾಗ ಮೊದಲು ಕೇಳಬೇಕಾದ್ದು, "ಯಾವ ಹೊತ್ತಿನ ಸದ್ದು ನಿಮಗೆ ಹೆಚ್ಚು ಕಷ್ಟ?" ಅಂತ. ಬಹಳ ಸಲ ಇಡೀ ದಿನದ ದೂರು ಒಂದು ಗಂಟೆಯ ಸಮಸ್ಯೆಯಾಗಿರುತ್ತದೆ. ಆ ಒಂದು ಗಂಟೆಗೆ ಏನಾದರೂ ಮಾಡಲು ಆಗುತ್ತದೆ. ನೀವು ಮಾಡಿದ್ದನ್ನೆಲ್ಲ, ಮ್ಯಾಟ್ ಹಾಕಿದ್ದು, ಜಾಗ ಬದಲಿಸಿದ್ದು, ದಿನಾಂಕದ ಜೊತೆ ಬರೆದಿಡಿ. ಓನರ್ ಬರಹದಲ್ಲಿ ಕೇಳಿದರೆ ಬರಹದಲ್ಲೇ ಉತ್ತರಿಸಿ.

ಒಂದು ಫೈಲ್ ಬಾಗಿಲ ಹತ್ತಿರದ ಕಪಾಟಿನಲ್ಲಿರಲಿ. ಅದರಲ್ಲಿ ರೋಗನಿರ್ಣಯದ ಪ್ರತಿ, ಅಂಗವೈಕಲ್ಯ ಪ್ರಮಾಣಪತ್ರ, ಮೆಲ್ಟ್‌ಡೌನ್ (ತಡೆದುಕೊಳ್ಳಲಾಗದಷ್ಟು ಆದಾಗ ಮಗು ಕೂಗಾಡುವುದು, ಅಳುವುದು) ಅಂದರೇನು ಎಂದು ವಿವರಿಸುವ ವೈದ್ಯರ ಪತ್ರ, ಥೆರಪಿಸ್ಟ್ ನಂಬರ್. ಮಗುವಿನ ಚೀರಾಟ ಕೇಳಿ ಯಾರೋ ಪೊಲೀಸರಿಗೋ ಮಕ್ಕಳ ಸಹಾಯವಾಣಿಗೋ ಫೋನ್ ಮಾಡುವುದು ಉಂಟು. ಅವರು ಬಂದಾಗ ಸಿಟ್ಟಾಗಬೇಡಿ, ಮಗುವಿನ ಕ್ಷೇಮ ನೋಡಲು ಬಂದವರು ಅವರು. ಮಗುವಿಗೆ ಆಟಿಸಂ ಇದೆ, ಮುಟ್ಟಬೇಡಿ, ಮೆಲ್ಲಗೆ ಮಾತಾಡಿ ಎಂದು ಹೇಳಿ ಫೈಲ್ ಕೈಗೆ ಕೊಡಿ.

ಮನೆ ಬಿಡುವಾಗ

ಅವಧಿ ಮುಗಿಯುವ ಮೂರು ನಾಲ್ಕು ತಿಂಗಳ ಮುಂಚೆಯೇ ಓನರ್‌ನ ಮನಸ್ಸು ತಿಳಿದುಕೊಳ್ಳಿ. ಎಲ್ಲರಿಗೂ ಒಂದು ತಿಂಗಳ ನೋಟಿಸ್ ಸಾಕಾಗಬಹುದು. ನಮಗೆ ಸಾಲುವುದಿಲ್ಲ, ಮಗುವನ್ನು ತಯಾರು ಮಾಡಲೇ ಅಷ್ಟು ಬೇಕು. ಚಿಲಕ, ತಡೆ, ಬಿಗಿದ ಸ್ಕ್ರೂ ತೆಗೆಸಿ, ತೂತು ಮುಚ್ಚಿಸಿ, ಹಲ್ಲಿನ ಗುರುತು ಬಿದ್ದ ಬಾಗಿಲಿಗೆ ಪಾಲಿಶ್ ಮಾಡಿಸಿ. ಮೊದಲ ದಿನದ ಫೋಟೋಗಳನ್ನು ಪಕ್ಕದಲ್ಲಿಟ್ಟುಕೊಂಡು ಓನರ್ ಜೊತೆಯೇ ಮನೆ ಸುತ್ತಿ ಡೆಪಾಸಿಟ್ ಲೆಕ್ಕ ಮಾಡಿ. ಸಂಬಂಧ ಚೆನ್ನಾಗಿದ್ದರೆ, ಬಾಡಿಗೆ ಸರಿಯಾಗಿ ಕಟ್ಟಿದರು, ಮನೆ ಚೆನ್ನಾಗಿ ನೋಡಿಕೊಂಡರು ಎಂದು ಎರಡು ಸಾಲಿನ ಪತ್ರ ಬರೆಸಿಕೊಳ್ಳಿ. ಕೇಳಲು ಸಂಕೋಚ ಬೇಡ, ಮುಂದಿನ ಓನರ್ ಎದುರು ಕೂತಾಗ ಅದು ಬೇಕಾಗುತ್ತದೆ.